ಪಡಸಾಲೆಯ ಪಗಾರ ಪರೇಡು

ತಿಂಗಳ ಮೊದಲ ಭಾನುವಾರ ನಮ್ಮ ಮನೆಯವರೆಲ್ಲ ಪಡಸಾಲೆಯಲ್ಲಿ ಸಾಲು ಹಚ್ಚಿ ನಿಲ್ಲಬೇಕಾಗಿತ್ತು. ಊರಿನ ಉಳಿದ ಮನೆಗಳಲ್ಲಿ ಆ ಹೊತ್ತಿಗೆ ಗಂಡಸರು ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತಿರುತ್ತಿದ್ದರು, ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ನಮ್ಮಲ್ಲಿ ಮಾತ್ರ ಪಡಸಾಲೆಯ ನಡುವೆ ಒಂದು ಮೇಜು, ಅದರ ಮೇಲೆ ಸುಕ್ಕಿಲ್ಲದಂತೆ ಎಳೆದು ಹಾಸಿದ ಕರಿ ಕಂಬಳಿ, ಕಂಬಳಿಯ ಮೇಲೆ ಉದ್ದನೆಯ ರಿಜಿಸ್ಟರು, ನೀಲಿ ಶಾಯಿಯ ಪ್ಯಾಡು, ಎಣಿಸಿ ಇಟ್ಟ ನೋಟು, ಚಿಲ್ಲರೆ. ಮೇಜಿನ ಹಿಂದೆ ನಮ್ಮಪ್ಪ. ಅಪ್ಪ ಹದಿನೆಂಟು ವರ್ಷ ಸೈನ್ಯದಲ್ಲಿ ದುಡಿದು, ಹವಾಲ್ದಾರನಾಗಿ ನಿವೃತ್ತಿ ಪಡೆದು ಬಂದಿದ್ದ. ಮೊದಮೊದಲು ಊರ ಜನ ಲಡಾಯಿಯ ಕತೆ ಕೇಳಲು ಬರುತ್ತಿದ್ದರು. ಅಪ್ಪ ಬಂದೂಕಿನ ಸುದ್ದಿ ಎತ್ತುತ್ತಲೇ ಇರಲಿಲ್ಲ. ಅವನು ಪಲ್ಟನ್ನಿನಲ್ಲಿ ಪಗಾರ ಬರೆಯುವ ಕಾರಕೂನನಾಗಿದ್ದ. ಹಿಮದ ಗುಡ್ಡದ ಮೇಲೆ ಕೂತ ಜವಾನರಿಗೆ ಪಗಾರ ಮುಟ್ಟಿಸಲು ಹೇಸರಗತ್ತೆಯ ಬೆನ್ನಿಗೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಮೂರು ದಿನ ನಡೆದದ್ದೇ ಅವನ ದೊಡ್ಡ ಲಡಾಯಿ.

"ಅಲ್ರಿ ಹವಾಲ್ದಾರ್ರ, ಅಷ್ಟ ಎತ್ತರದಾಗ ರೊಕ್ಕಾ ತಗೊಂಡು ಅವರು ಏನ್ ಖರೀದಿ ಮಾಡ್ತಿದ್ರು? ಬರ್ಫ?" ಎಂದು ಒಬ್ಬ ಕೇಳಿದ.

"ಖರೀದಿ ಮಾಡೂದು ಬಿಡೂದು ಅವನ ಮರ್ಜಿ. ಅವನ ಕೈಯಾಗ ಇಡೂದು ನನ್ನ ಡ್ಯೂಟಿ," ಎಂದ ಅಪ್ಪ.

ಆಮೇಲೆ ಕತೆ ಕೇಳಲು ಯಾರೂ ಬರಲಿಲ್ಲ.

ಪಿಂಚಣಿಯನ್ನು ಚಿಕ್ಕೋಡಿಯಿಂದ ತಂದ ಮೇಲೆ ಅಪ್ಪ ಅದನ್ನು ಮನೆಯ ಪ್ರತಿಯೊಬ್ಬರಿಗೂ ಹಂಚುತ್ತಿದ್ದ. ಇದರಲ್ಲಿ ಅವನಷ್ಟು ಉದಾರಿ ನಮ್ಮ ಓಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಬೇರೆ ಮನೆಗಳಲ್ಲಿ ಹೆಂಗಸರ ಕೈಗೆ ನಾಲ್ಕಾಣೆ ಬರುವುದೂ ಕಷ್ಟವಾಗಿತ್ತು. ಆದರೆ ಅದು ಸೈನ್ಯದ ರೀತಿಯಲ್ಲೇ ಆಗಬೇಕಾಗಿತ್ತು. ಹೆಸರು ಕೂಗಿದ ಮೇಲೆ ಮೂರು ಹೆಜ್ಜೆ ಮುಂದೆ ಬರಬೇಕು, ಸಲಾಮು ಮಾಡಬೇಕು, "ಹಾಜಿರ್" ಅನ್ನಬೇಕು. ರೊಕ್ಕ ತಗೊಂಡು ಎಲ್ಲರಿಗೂ ಕೇಳುವಂತೆ ಎಣಿಸಿ, ಸಹಿ ಇಲ್ಲವೆ ಹೆಬ್ಬೆಟ್ಟು ಒತ್ತಿ, ಎಡಕ್ಕೆ ಹೊರಳಿ ಹೋಗಬೇಕು. ಗೈರುಹಾಜರಿದ್ದವನ ಪಗಾರವನ್ನು ಇನ್ನೊಬ್ಬನ ಕೈಗೆ ಕೊಡುವಂತಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ರೊಕ್ಕ ತಗೊಂಡವನ ಸಹಿ ಮತ್ತೆ ಹಾಕಿಸಬೇಕು. ಇದೆಲ್ಲ ನಡೆಯುವಾಗ ಪಕ್ಕದಲ್ಲಿ ಒಬ್ಬ ಸಾಕ್ಷಿ ಇರಲೇಬೇಕು. ನಮ್ಮಜ್ಜಿಗೆ ಮೊದಲ ತಿಂಗಳು ಸಲಾಮು ಮಾಡಲು ಹೇಳಿದಾಗ ಆದದ್ದು ನನಗೆ ಇನ್ನೂ ನೆನಪಿದೆ.

"ಮಾರ್ತ್ಯಾ, ನಿನ್ನ ಅಂಡ ತೊಳದ ಕೈಲೇ ನಿನಗ ಸಲಾಮ ಹೊಡೀಲೇನೋ? ಯಾವ ಸರಕಾರ ಹೇಳೈತಿ ಹಿಂಗ?"

"ಅವ್ವಾ, ಸಲಾಮ ನನಗಲ್ಲ. ಪಗಾರಕ್ಕ."

"ಹಂಗಾರ ಪಗಾರನ ಇಲ್ಲಿ ಕಳಸು. ನಾ ಅದಕ್ಕ ಕೈ ಮುಗೀತೀನಿ, ನಿನ್ನ ಮಾರಿ ನೋಡೂದಿಲ್ಲ."

ಒಂದು ತಾಸು ಜಗಳವಾಯಿತು. ಕೊನೆಗೆ ಅಪ್ಪ ಅಜ್ಜಿಯನ್ನೇ ಸಾಕ್ಷಿಯಾಗಿ ನೇಮಿಸಿ, ಸಾಕ್ಷಿಗೆ ಸಲಾಮಿನಿಂದ ವಿನಾಯಿತಿ ಎಂದು ರಿಜಿಸ್ಟರಿನಲ್ಲಿ ಬರೆದ. ಮೇಲೆ ತಿಂಗಳಿಗೆ ಎರಡು ರೂಪಾಯಿ ಭತ್ಯೆ. ಆ ಎರಡು ರೂಪಾಯಿಗೆ ಅಜ್ಜಿ ಮೂಗಿಗೇರಿಸುವ ತಪಕೀರು ತರಿಸಿ ಮೇಜಿನ ಪಕ್ಕದ ಮಣೆಯ ಮೇಲೆ ಕಲೆಕ್ಟರಳಂತೆ ಕೂತಳು. ಅವಳಿಗೆ ಮೊಳದಾಚೆಗಿನದು ಏನೂ ಕಾಣುತ್ತಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವ ಸ್ವಭಾವದವಳಲ್ಲ.

ಮನೆ ಇದ್ದದ್ದೇ ಮೂರು ಭಾಗ. ಪಡಸಾಲೆ ಅಪ್ಪನ ಆಫೀಸಾಯಿತು, ಅಡಿಗೆಮನೆ ಸೈನ್ಯದ ಮಾತಿನಲ್ಲಿ ಲಂಗರಾಯಿತು, ಎಮ್ಮೆ ಮತ್ತು ಎರಡು ಎತ್ತು ಕಟ್ಟುವ ಗೋದಲಿ ಮೋಟಾರು ವಿಭಾಗವಾಯಿತು. ಕಂದೀಲಿನ ಗಾಜು ಒಡೆದರೆ ಪಗಾರದಲ್ಲಿ 'ಬ್ಯಾರಕ್ ನುಕಸಾನಿ' ಎಂದು ಕಡಿತವಾಗುತ್ತಿತ್ತು. ಅಪ್ಪ ಒಂದು ದಿನ ಲಂಗರಿಗೂ ಕೈ ಹಾಕಿದ. ತಲೆಗೆ ಇಷ್ಟು ಹಿಟ್ಟು, ಇಷ್ಟು ಬೇಳೆ, ಇಷ್ಟು ಎಣ್ಣೆ ಎಂದು 'ಸ್ಕೇಲ್' ಹೆಸರಿನ ಒಂದು ಹಾಳೆ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದ. ಅವ್ವ ಮಾತನಾಡುವವಳಲ್ಲ. ಹಾಳೆಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು, ಪಕ್ಕದ ಮನೆಯಿಂದ ತಕ್ಕಡಿ ತಂದಳು. ಆ ಮಧ್ಯಾಹ್ನ ಅಪ್ಪ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದಾಗ ಅವ್ವ ತಾಟನ್ನು ಎತ್ತಿಕೊಂಡಳು.

"ಸ್ಕೇಲ್ ಮುಗೀತ್ರಿ."

"ಏ, ಹಸಿವಾಗೈತಿ."

"ಹಸಿವಿಂದು ಕಾಗದದಾಗ ಬರದಿಲ್ರಿ. ಮ್ಯಾಲಿನ ಸಾಹೇಬ್ರಿಗೆ ಅರ್ಜಿ ಕೊಡ್ರಿ."

ನಾಲ್ಕು ದಿನ ಅಪ್ಪ ತೂಕದ ಊಟ ಉಂಡ. ಐದನೆಯ ದಿನ ಹಾಳೆ ತಾನೇ ಒಲೆಗೆ ಬಿದ್ದು ಸುಟ್ಟಿತೆಂದು ರಿಜಿಸ್ಟರಿನಲ್ಲಿ ದಾಖಲಾಯಿತು.

ಊಟ ಮಾಡುತ್ತ ಅಪ್ಪ ಪಗಾರದ ಚರಿತ್ರೆ ಹೇಳುತ್ತಿದ್ದ. ಹಿಂದಿನ ರಾಜರ ಕಾಲದಲ್ಲಿ ಸಿಪಾಯಿಗಳಿಗೆ ವರ್ಷಗಟ್ಟಲೆ ಪಗಾರ ಸಿಗದೆ ಸರದಾರನ ಡೇರೆಯ ಮುಂದೆ ಉಪವಾಸ ಕೂಡುತ್ತಿದ್ದದ್ದು, ಅವರು ಏಳುವ ತನಕ ಸರದಾರನೂ ಉಣ್ಣುವಂತಿರಲಿಲ್ಲವೆಂಬುದು, ಎಣಿಕೆಯ ದಿನ ಮಂದಿಯ ಕುದುರೆ ಬಾಡಿಗೆ ತಂದು ತನ್ನದೆಂದು ತೋರಿಸುತ್ತಿದ್ದದ್ದು, ಆ ಮೋಸ ತಡೆಯಲು ಕುದುರೆಯ ಚಪ್ಪೆಗೆ ಬರೆ ಎಳೆಯುತ್ತಿದ್ದದ್ದು. ಇನ್ನೊಂದನ್ನು ಬೇಸರದಿಂದ ಹೇಳುತ್ತಿದ್ದ: ಸತ್ತ ಸಿಪಾಯಿಯ ಹೆಸರನ್ನು ಪಟ್ಟಿಯಲ್ಲಿ ಜೀವಂತ ಇಟ್ಟು ಅವನ ಪಗಾರ ತಿನ್ನುವ ಸರದಾರರು ಇದ್ದರಂತೆ. ತನ್ನ ಪಲ್ಟನ್ನಿನಲ್ಲಿ ಜವಾನನೊಬ್ಬ ತೀರಿಕೊಂಡಾಗ ಅವನ ಸಾಮಾನುಗಳನ್ನು ಗೆಳೆಯರೇ ಹರಾಜಿನ ಸವಾಲಿನಲ್ಲಿ ಕೊಂಡು ಆ ರೊಕ್ಕವನ್ನು ಹೆಂಡತಿಗೆ ಕಳಿಸಿದ್ದರು. ಎರಡು ರೂಪಾಯಿ ಬಾಳದ ಬ್ಯಾಟರಿಯನ್ನು ಅಪ್ಪ ನಾಲ್ವತ್ತಕ್ಕೆ ಹಿಡಿದಿದ್ದ. ಅದು ಒಮ್ಮೆಯೂ ಹತ್ತಲಿಲ್ಲ. "ಪಗಾರ ತಿಂದವ ಹೆಣಾ ತಿಂದಂಗ," ಎಂದು ಅಪ್ಪ ಕೈ ತೊಳೆಯಲು ಏಳುತ್ತಿದ್ದ. ಅವನು ನನ್ನನ್ನು ಎಚ್ಚರಿಸಲು ಹೇಳುತ್ತಿದ್ದ ಕತೆಗಳನ್ನು ನಾನು ಕಸಬು ಕಲಿಯುವವನಂತೆ ಕೇಳುತ್ತಿದ್ದೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾದವು.

ಸಾಲಿನ ಕೊನೆಗೆ ನಿಲ್ಲುತ್ತಿದ್ದವಳು ತಂಗೆವ್ವ. ಗಂಡನಿಲ್ಲದವಳು, ಒಬ್ಬಳೇ ಮಗಳು ಶೇವಂತಿಯನ್ನು ಅಥಣಿಗೆ ಕೊಟ್ಟಿದ್ದಳು. ನಮ್ಮ ಗೋದಲಿಯ ಕಸ ತೆಗೆದು, ವಾರಕ್ಕೆರಡು ಸಲ ಮನೆಯ ನೆಲವನ್ನೆಲ್ಲ ಹೆಂಡಿಯಿಂದ ಸಾರಿಸುತ್ತಿದ್ದಳು. ತಿಂಗಳಿಗೆ ಹದಿನೈದು ರೂಪಾಯಿ ಪಗಾರ. ಇಡೀ ಮನೆಯಲ್ಲಿ ಅಪ್ಪನ ಪರೇಡನ್ನು ಮನಸಾರೆ ಮೆಚ್ಚಿದವಳು ಅವಳೊಬ್ಬಳೇ. ಬೇರೆ ಮನೆಗಳಲ್ಲಿ ಅವಳ ಕೂಲಿಯನ್ನು ಹೊಸ್ತಿಲ ಹೊರಗೆ ಎಸೆಯುತ್ತಿದ್ದರು. ಇಲ್ಲಿ ಹೆಸರು ಹಿಡಿದು ಕೂಗಿ, ಕೈಯಲ್ಲಿ ಎಣಿಸಿ ಕೊಡುತ್ತಿದ್ದರು. ಅವಳು ಹೊಡೆಯುತ್ತಿದ್ದ ಸಲಾಮು ನಮ್ಮೆಲ್ಲರದಕ್ಕಿಂತ ಖಡಕ್ಕಾಗಿತ್ತು. ಹದಿನೈದರಲ್ಲಿ ಹತ್ತು ತಗೊಂಡು ಐದನ್ನು ಅಪ್ಪನ ಹತ್ತಿರವೇ ಜಮಾ ಇಡುತ್ತಿದ್ದಳು. ಎರಡು ವರ್ಷಕ್ಕೆ ಅದು ನೂರಾ ಇಪ್ಪತ್ತಾಗಿತ್ತು. ನನ್ನ ಮೇಲೆ ಅವಳಿಗೆ ಇದ್ದ ತಕರಾರು ಒಂದೇ, ನಾನು ಹಸಿ ನೆಲದ ಮೇಲೆ ಅಡ್ಡಾಡುತ್ತೇನೆ ಎಂಬುದು.

"ಬಾಳ್ಯಾ, ಮತ್ತ ತುಳದೀ? ನೋಡಿಲ್ಲೆ, ಐದೂ ಬೊಟ್ಟ ಮೂಡ್ಯಾವು. ಅಂಗಳಾ ಮೈದಾನಾ ಎಲ್ಲಾ ಬಿಟ್ಟು ನನ್ನ ನೆಲಾನ ಬೇಕೇನ್ ನಿನ್ನ ಕಾಲಿಗೆ?"

ನಾನು ಏಳನೆಯ ಇಯತ್ತೆಗೆ ಬಂದ ವರ್ಷ ಅಪ್ಪನಿಗೆ ಹೊಳೆಯ ಆಚೆಯ ಸಕ್ಕರೆ ಕಾರಖಾನೆಯೊಂದರಲ್ಲಿ ಹಂಗಾಮಿನ ಕಾವಲು ಕೆಲಸ ಸಿಕ್ಕಿತು. ಕಬ್ಬು ಅರೆಯುವ ಐದು ತಿಂಗಳು ಅಲ್ಲೇ ವಸತಿ. ಹದಿನೈದು ದಿನಕ್ಕೊಮ್ಮೆ ಮನೆ. ಹೊರಡುವ ಮೊದಲು ಅಪ್ಪ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ ಹಂಗಾಮಿ ಪಗಾರದ ಅಧಿಕಾರಿ ಎಂದು ನೇಮಿಸಿದ. ನನ್ನ ಅಕ್ಷರ ದುಂಡಗಿದ್ದವು. ರಿಜಿಸ್ಟರು ನನ್ನ ಸುಪರ್ದಿಗೆ ಬಂತು. ಜಮಾ ಪೆಟ್ಟಿಗೆಯ ಕೀಲಿ ಸಾಕ್ಷಿಯಾದ ಅಜ್ಜಿಯ ಸೊಂಟಕ್ಕೆ ಹೋಯಿತು. ಒಬ್ಬನ ಕೈಯಲ್ಲಿ ಕಾಗದ, ಇನ್ನೊಬ್ಬನ ಕೈಯಲ್ಲಿ ಕೀಲಿ ಇದ್ದರೆ ಮೋಸ ಆಗುವುದಿಲ್ಲ ಎಂಬುದು ಸೈನ್ಯದ ಲೆಕ್ಕ. ಸೈನ್ಯಕ್ಕೆ ನಮ್ಮಜ್ಜಿಯ ಪರಿಚಯವಿರಲಿಲ್ಲ.

ಎರಡನೆಯ ತಿಂಗಳ ಒಂದು ಗುರುವಾರ, ಇನ್ನೂ ಮಬ್ಬುಗತ್ತಲೆ ಇರುವಾಗ ತಂಗೆವ್ವ ಓಡುತ್ತ ಬಂದಳು. ಬಸುರಿ ಮಗಳು ಶೇವಂತಿಗೆ ಹೆರಿಗೆ ನೋವು ಬೇಗನೆ ಸುರುವಾಗಿದೆ ಎಂದು ಅಥಣಿಯಿಂದ ಸುದ್ದಿ ಬಂದಿತ್ತು. ಬಸ್ಸಿನ ಚಿಲ್ಲರೆಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

"ಬಾಳ್ಯಾ, ನಿಮ್ಮಪ್ಪ ಬಂದ್ರ ಹೇಳು. ನನ್ನ ಜಮಾ ಹಂಗ ಇರಲಿ. ತೊಟ್ಟಿಲಕ್ಕ ಹಾಕೂ ದಿನಾ ಬಂದು ಒಯ್ತೀನಿ. ಕೂಸಿಗೆ ಬೆಳ್ಳಿ ಕಡಗ ನಾನ ಹಾಕಾಕಿ. ಬೀಗರ ಮುಂದ ಬರೇ ಕೈಲೇ ನಿಲ್ಲೂದಿಲ್ಲ, ತಿಳೀತೇನು?"

ತಿಳಿದಿತ್ತು. ತಿಳಿದೂ ಮಾಡಿದೆ. ಆ ದಿನಗಳಲ್ಲಿ ನಿಪ್ಪಾಣಿಯ ಒಂದು ಅಂಗಡಿಯ ಗಾಜಿನ ಹಿಂದೆ ಒಂದು ಕರಿ ಗಾಗಲ್ಲು ಇತ್ತು. ನಾನು ಅದನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತಿದ್ದೆ. ತಂಗೆವ್ವ ಹೋದ ಮೂರನೆಯ ದಿನ ರಿಜಿಸ್ಟರು ತೆಗೆದು, ಅವಳು ಊರು ಬಿಡುವ ಹಿಂದಿನ ದಿನದ ತಾರೀಖು ಹಾಕಿ, 'ಜಮಾ ಪೂರ್ತಿ ವಾಪಸು, ರೂಪಾಯಿ ನೂರಾ ಇಪ್ಪತ್ತು' ಎಂದು ದುಂಡಗೆ ಬರೆದೆ. ಹೆಬ್ಬೆಟ್ಟಿನದು ಕಷ್ಟವಾಯಿತು. ಅಪ್ಪನ ಹತ್ತಿರ ಭೂತಗನ್ನಡಿ ಇತ್ತು, ನನ್ನ ಕೈಯ ಹೆಬ್ಬೆಟ್ಟು ಅವನಿಗೆ ಗೊತ್ತಾಗಿಯೇ ಆಗುತ್ತದೆ ಎಂದುಕೊಂಡೆ. ತುಂಬ ವಿಚಾರ ಮಾಡಿ ರಿಜಿಸ್ಟರನ್ನು ನೆಲಕ್ಕಿಟ್ಟು ಎಡಗಾಲಿನ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ ಅಲ್ಲಿ ಇಟ್ಟೆ. ಜಗತ್ತಿನಲ್ಲಿ ಇಷ್ಟು ಬುದ್ಧಿ ಯಾರಿಗೂ ಬಂದಿರಲಿಕ್ಕಿಲ್ಲ ಎಂದು ಹೆಮ್ಮೆಯಾಯಿತು. ಆಮೇಲೆ ಅಜ್ಜಿಯ ಹತ್ತಿರ ಹೋದೆ.

"ಯಮ್ಮಾ, ತಂಗೆವ್ವ ರೊಕ್ಕಾ ಕೇಳಿ ಕಳಿಸ್ಯಾಳ. ಸಾಕ್ಷಿ ಹೆಬ್ಬಟ್ಟ ಒತ್ತು, ಪೆಟಿಗಿ ತಗಿ."

"ಆಕಿ ಹೆಬ್ಬಟ್ಟ ಐತೇನ್ ಕಾಗದದಾಗ?"

"ಐತಿ ನೋಡು, ಇಷ್ಟ ದಪ್ಪಾಗಿ."

ಅಜ್ಜಿ ರಿಜಿಸ್ಟರನ್ನು ಮೂಗಿನ ಹತ್ತಿರ ಹಿಡಿದು, ತಪಕೀರು ಉದುರಿಸಿ, "ಹೂಂ, ಆಕೀದ," ಎಂದು ಒತ್ತಿಯೇಬಿಟ್ಟಳು.

ಆ ರೊಕ್ಕ ಎಂಟು ದಿನವೂ ಬಾಳಲಿಲ್ಲ. ಗಾಗಲ್ಲಿಗೆ ಮೂವತ್ತೈದು ಹೋಯಿತು. ಉಳಿದದ್ದು ಮರಾಠಿ ಸಿನಿಮಾಕ್ಕೆ, ಮಿಸಳಿಗೆ, ನನ್ನ ಗಾಗಲ್ಲು ನೋಡಿ ಹೊಗಳಿದವರಿಗೆ ಕುಡಿಸಿದ ಸೋಡಾಕ್ಕೆ. ಆ ಗಾಗಲ್ಲನ್ನು ಊರಲ್ಲಿ ಹಾಕುವಂತಿರಲಿಲ್ಲ. ನಿಪ್ಪಾಣಿಯ ಬಸ್ಸು ಇಳಿದು ಹಾಕಿಕೊಳ್ಳಬೇಕು, ಮರಳುವಾಗ ಹತ್ತುವ ಮೊದಲು ತೆಗೆಯಬೇಕು. ಹೊಗೆಸೊಪ್ಪಿನ ವಖಾರಗಳ ಸಾಲಿನ ನೆರಳಲ್ಲಿ ಕರಿ ಗಾಜು ಹಾಕಿಕೊಂಡು ನಡೆದು ಎರಡು ಸಲ ಗಟಾರಕ್ಕೆ ಕಾಲು ಹಾಕಿದ್ದೇನೆ. ಹದಿನೈದು ದಿನಕ್ಕೆ ಅಪ್ಪ ಬಂದ. ಭೂತಗನ್ನಡಿ ಹಿಡಿದು ರಿಜಿಸ್ಟರು ತಪಾಸು ಮಾಡುತ್ತ ಆ ಸಾಲಿಗೆ ಬಂದು ನಿಂತ.

"ಬಾಳ್ಯಾ, ಇಲ್ಲೆ ಶಾಯಿ ಜಾಸ್ತಿ ಆಗೈತಿ. ಹೆಬ್ಬಟ್ಟ ಹರಡೇತಿ. ಕಾರಕೂನ ಆದವಗ ಶಾಯಿ ಎಷ್ಟ ಹಚ್ಚಬೇಕನ್ನೂದು ತಿಳೀಬೇಕು," ಎಂದು ನನಗೆ ನಾಲ್ಕಾಣೆ ದಂಡ ಹಾಕಿದ.

ತಂಗೆವ್ವ ಮೂರು ವಾರಕ್ಕೆ ಮರಳಿ ಬಂದಳು. ಹೆಣ್ಣು ಕೂಸು, ಎರಡು ದಿನದಲ್ಲಿ ತೊಟ್ಟಿಲು, ಅಕ್ಕಸಾಲಿಗನಿಗೆ ಕಡಗ ಹೇಳಿ ಬಂದಿದ್ದಾಳೆ. ಅಪ್ಪ ಅಂದು ಮನೆಯಲ್ಲೇ ಇದ್ದ. ಅವಳು ಸಲಾಮು ಹೊಡೆದು ಜಮಾ ಕೇಳಿದಾಗ ಅಪ್ಪ ರಿಜಿಸ್ಟರು ತೆಗೆದು, "ಒಯ್ದೀ ಅಲ್ಲಬೇ ತಂಗೆವ್ವಾ, ಇಲ್ಲೆ ಐತಿ," ಎಂದ. ಅವಳು ನಕ್ಕಳು. ಹವಾಲ್ದಾರರು ಚೇಷ್ಟೆ ಮಾಡುತ್ತಾರೆ ಎಂದುಕೊಂಡಿರಬೇಕು. ಅಪ್ಪ ಚೇಷ್ಟೆ ಮಾಡುವವನಲ್ಲ ಎಂದು ನೆನಪಾಗಿ ನಗು ನಿಂತಿತು.

"ನಾ ಒಂದ ಪೈಸಾ ಮುಟ್ಟಿಲ್ರಿ! ನನ್ನ ಮೊಮ್ಮಗಳ ಆಣಿ!"

ಅವಳ ದನಿಗೆ ಓಣಿಯ ಜನ ಬಾಗಿಲಿಗೆ ಕೂಡಿದರು. ಅಪ್ಪ ಕಂಬಳಿಯನ್ನು ಮತ್ತೊಮ್ಮೆ ಎಳೆದು ಸರಿ ಮಾಡಿ, ವಿಚಾರಣೆ ಸುರು ಮಾಡಿದ. ಮೊದಲು ಅವ್ವನನ್ನು ಕರೆಸಿದ. ಅವ್ವ ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು, "ನಾ ಲಂಗರದಾಗ ಇದ್ದೆ, ನನಗೇನೂ ಗೊತ್ತಿಲ್ಲ, ಹಂಚ ಸುಡಾಕತ್ತೈತಿ," ಎಂದು ಒಂದೇ ಉಸಿರಿಗೆ ಹೇಳಿ ಹೋದಳು. ಆಮೇಲೆ ಸಾಕ್ಷಿ.

"ಅವ್ವಾ, ಇದು ನಿನ್ನ ಹೆಬ್ಬಟ್ಟ ಹೌದಿಲ್ಲ?"

"ಹೌದಪಾ."

"ತಂಗೆವ್ವ ನಿನ್ನ ಮುಂದ ಒತ್ತಿದ್ದ ನೋಡಿಯೇನು?"

ಹೌದೆಂದರೆ ಸುಳ್ಳು; ಇಲ್ಲವೆಂದರೆ ನೋಡದೇ ಒತ್ತಿದೆ ಎಂದಾಗುತ್ತದೆ, ಎರಡು ರೂಪಾಯಿ ಭತ್ಯೆಯೂ ಮಣೆಯೂ ಹೋಗುತ್ತವೆ. ಅಜ್ಜಿ ಬೆನ್ನು ನೆಟ್ಟಗೆ ಮಾಡಿ, "ಕಣ್ಣಾರೆ ನೋಡೀನಿ," ಎಂದಳು. ಬಾಗಿಲಲ್ಲಿದ್ದ ಒಬ್ಬ, "ಯಮ್ಮಾ, ನಾ ಯಾರ ಹೇಳು ನೋಡೋಣು?" ಎಂದ. "ಮಾರಿ ಮುಚ್ಚು, ಸರಕಾರಿ ಕೆಲಸಾ ನಡದೈತಿ," ಎಂದು ಅಜ್ಜಿ ಗದರಿಸಿದಳು. ಎಲ್ಲರೂ ನಕ್ಕರು. ತಂಗೆವ್ವ ಮಾತ್ರ ನಗಲಿಲ್ಲ. ಅಜ್ಜಿಯ ಸುಳ್ಳು ನನ್ನ ಸುಳ್ಳಿಗೆ ಆನಿಸಿಕೊಂಡು ನಿಂತಿತು. ಅಪ್ಪ ರಿಜಿಸ್ಟರನ್ನು ತಂಗೆವ್ವನ ಕಡೆ ಹೊರಳಿಸಿ, ಭೂತಗನ್ನಡಿಯನ್ನು ಅವಳ ಕೈಗೇ ಕೊಟ್ಟ.

ಅವಳು ಬಾಗಿ ನೋಡಿದಳು. ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೆ ಎಷ್ಟೋ ವರ್ಷದಿಂದ ತಾನು ಸಾರಿಸಿದ ಹಸಿ ನೆಲದ ಮೇಲೆ ಈ ಮನೆಯ ಒಬ್ಬೊಬ್ಬರ ಹೆಜ್ಜೆಯನ್ನು ನೋಡಿ ನೋಡಿ ಬೈದವಳು. ನನ್ನ ಎಡಗಾಲಿನ ಹೆಬ್ಬೆರಳಿಗೆ ಕಬ್ಬಿನ ಕೂಳೆ ಚುಚ್ಚಿದ ಒಂದು ಓರೆ ಗಾಯ ಇತ್ತು. ಅವಳ ನೋಟ ಕಾಗದದಿಂದ ಎದ್ದು, ಮೇಜಿನ ಕಾಲು ಇಳಿದು, ನೆಲದ ಮೇಲೆ ಹಾದು ನನ್ನ ಪಾದದ ಹತ್ತಿರ ಬಂದು ನಿಂತಿತು. ನಾನು ಎಡಗಾಲನ್ನು ಬಲಗಾಲಿನ ಹಿಂದೆ ಎಳೆದುಕೊಂಡೆ. ಅಷ್ಟು ಸಾಕಾಯಿತು. ಅವಳು ಭೂತಗನ್ನಡಿ ಕೆಳಗಿಟ್ಟಳು. ಇನ್ನೇನು ಹೇಳುತ್ತಾಳೆ, ಅಪ್ಪ ಇನ್ನೇನು ಬೆಲ್ಟು ತೆಗೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ.

"ಹೌದ್ರಿ ಹವಾಲ್ದಾರ್ರ. ನಂದ ಐತಿ. ಬ್ಯಾನಿ ಸುದ್ದಿ ಕೇಳಿ ತಲೀ ಕೆಟ್ಟಿತ್ತು. ತಗೊಂಡಿದ್ದ ಮರತೇನ್ರಿ," ಎಂದಳು.

ಜನ ಉಸ್ಸೆಂದು ಚದುರಿದರು. ಅಪ್ಪ ಮೊಮ್ಮಗಳ ಆಣೆ ಇಟ್ಟು ಸುಳ್ಳು ಹೇಳಬಾರದೆಂದು ಅವಳಿಗೆ ಬುದ್ಧಿ ಹೇಳಿ, 'ಪ್ರಕರಣ ಮುಕ್ತಾಯ' ಎಂದು ಬರೆದ. ಕಾಗದ ಗೆದ್ದದ್ದರಿಂದ ಅವನಿಗೆ ಸಮಾಧಾನವಾಗಿತ್ತು.

ಸ್ವಲ್ಪ ಹೊತ್ತಿಗೆ ಗೋದಲಿಯ ಹಿಂದಿನಿಂದ ಕರೆ ಬಂತು. ತಂಗೆವ್ವ ಹೆಂಡಿ ಬುಟ್ಟಿಯ ಪಕ್ಕ ಕೂತಿದ್ದಳು. ನಾನು ಅಳಲು ಸುರು ಮಾಡಿದೆ.

"ಅಳೂದ ಬಿಡು. ಅತ್ರ ಕಡಗ ಬರೂದಿಲ್ಲ."

"ಯಾಕ... ಯಾಕ ಹೇಳಲಿಲ್ಲ ಅಪ್ಪಗ?"

"ಹೇಳಿದ್ರ ನಿಮ್ಮಪ್ಪ ನಿನ್ನ ಕಾಲ ಮುರೀತಿದ್ದ. ಕಾಲ ಮುರದ ಮ್ಯಾಲೆ ನಿಮ್ಮವ್ವ ನನ್ನ ಮಾರಿ ನೋಡ್ತಿದ್ಲೇನು? ನನ್ನ ಹೊಟ್ಟಿ ಈ ಮನಿ ನೆಲದ ಮ್ಯಾಲೆ ಐತಿ ಲೇ ಖೋಡಿ. ರೊಕ್ಕಾ ಎಷ್ಟ ಉಳದಾವು?"

ರೊಕ್ಕ ಉಳಿದಿರಲಿಲ್ಲ. ಗಾಗಲ್ಲು ತೋರಿಸಿದೆ. ಅವಳು ಅದನ್ನು ಕಣ್ಣಿಗೆ ಹಾಕಿಕೊಂಡು ಎಮ್ಮೆಯ ಕಡೆ ನೋಡಿ, "ಎಮ್ಮಿ ಮೊದಲ ಕರೀದಿತ್ತು. ಇದರಾಗ ನೂರಾ ಇಪ್ಪತ್ತ ರೂಪಾಯದು ಏನ್ ಕಂಡೀ?" ಎಂದು ಕೇಳಿದಳು. ತೊಟ್ಟಿಲಿಗೆ ಅವಳು ಒಂದು ಕುಬಸದ ಖಣ ಒಯ್ದಳು. ಬೀಗರು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರಂತೆ.

ಗಾಗಲ್ಲು ಹದಿನೈದಕ್ಕೆ ಮಾರಿತು. ಉಳಿದ ನೂರಾ ಐದನ್ನು ನನ್ನ ತಿಂಗಳ ಪಗಾರ ಮೂರು ರೂಪಾಯಿಯಲ್ಲಿ ತೀರಿಸಬೇಕಾಯಿತು. ಪಡಸಾಲೆಯಲ್ಲಿ ಅಪ್ಪನ ಮುಂದೆ ಸಲಾಮು ಹೊಡೆದು ತಗೊಂಡದ್ದನ್ನು ಗೋದಲಿಯ ಹಿಂದೆ ತಂಗೆವ್ವನ ಕೈಗೆ ಹಾಕುತ್ತಿದ್ದೆ. ಅಲ್ಲಿ ಇನ್ನೊಂದು ಪರೇಡು. ಅವಳೂ ಸಲಾಮು ಹೊಡೆಸುತ್ತಿದ್ದಳು. ಕೈ ಸೊಟ್ಟ ಹೋದರೆ ಮತ್ತೆ ಮಾಡಿಸುತ್ತಿದ್ದಳು. ಗೋಡೆಯ ಮೇಲೆ ಕಂತಿಗೊಂದರಂತೆ ಹೆಂಡಿಯ ಬೊಟ್ಟು ಇಡುತ್ತಿದ್ದಳು. ಹೀಗೆ ಮೂರು ವರ್ಷ. ಆದರೆ ಊರಿಗೆ ಅವಳು 'ಆಣೆ ಇಟ್ಟು ಮರೆತವಳು' ಆಗಿಬಿಟ್ಟಿದ್ದಳು. ಅಂಗಡಿಯವ ಉದ್ರಿ ಕೊಡಲಿಲ್ಲ. ಕೂಲಿ ಕೊಡುವಾಗ ಜನ, "ಎಣಿಸಿಕೊ, ಮತ್ತ 'ನಾ ಮುಟ್ಟಿಲ್ಲ' ಅಂದೀ," ಎನ್ನುತ್ತಿದ್ದರು. ಕೊನೆಯ ಕಂತು ಇಸಿದುಕೊಂಡ ದಿನ ಅವಳು ಎಲ್ಲ ಬೊಟ್ಟುಗಳ ಮೇಲೆ ಕೈ ಆಡಿಸಿ ಗೋಡೆ ಸಾಫು ಮಾಡಿದಳು.

"ರೊಕ್ಕಾ ಮುಟ್ಟಿತು. ಇನ್ನ ನಿಮ್ಮಪ್ಪಗ ಹೇಳು. ನಾ ಸುಳ್ಳಾಕಿ ಅಲ್ಲಂತ ಹೇಳು. ಅಷ್ಟ ಸಾಕು."

"ನಾಳೆ ಹೇಳ್ತೀನಿ."

ಮರುದಿನ ಅವಳು ಕೇಳಿದಳು, "ಹೇಳಿದೇನು?" ನಾನು "ನಾಳೆ" ಎಂದೆ. ಮ್ಯಾಟ್ರಿಕ್ ಮುಗಿಸಿದೆ. ಅಪ್ಪ ಹಾರೂಗೇರಿಯ ಒಂದು ಗೊಬ್ಬರದ ಅಂಗಡಿಗೆ ನನ್ನನ್ನು ಕರೆದೊಯ್ದು, "ನನ್ನ ಮಗನ ರಿಜಿಸ್ಟರ್ ಕಣ್ಣ ಮುಚ್ಚಿ ನಂಬ್ರಿ," ಎಂದು ಕೆಲಸಕ್ಕೆ ಹಚ್ಚಿದ. ವಾರಕ್ಕೊಮ್ಮೆ ಮನೆಗೆ ಬಂದಾಗ ತಂಗೆವ್ವ ಸಾರಿಸುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಆಮೇಲಾಮೇಲೆ ಅವಳು ಕೇಳುವುದನ್ನು ಬಿಟ್ಟಳು. ನನಗೆ ಅದರಿಂದ ಹಗುರವಾಯಿತು, ಈಗ ಹೇಳಲು ನಾಚಿಕೆಯಾಗುತ್ತದೆ. ನನ್ನ ಮದುವೆಗೆ ಬಂದು ಅಂಗಳವನ್ನೆಲ್ಲ ಸಾರಿಸಿಕೊಟ್ಟಳು. ಮೈಯಲ್ಲಿ ಶಕ್ತಿ ಉಡುಗಿದ ಮೇಲೆ ಮಗಳ ಮನೆಗೆ ಹೋದಳು. ಎರಡು ವರ್ಷಕ್ಕೆ ಅಥಣಿಯಿಂದ ಅವಳು ತೀರಿಕೊಂಡ ಪತ್ರ ಬಂತು.

ಅಂದು ನಾನು ಮನೆಯಲ್ಲೇ ಇದ್ದೆ. ಅಪ್ಪ ಟ್ರಂಕಿನಿಂದ ಹಳೆಯ ರಿಜಿಸ್ಟರು ತೆಗೆದ. ಅವಳ ಕೊನೆಯ ತಿಂಗಳ ಹನ್ನೊಂದು ರೂಪಾಯಿ ಕೊಡುವುದು ಉಳಿದಿತ್ತು. ಸತ್ತವರ ಬಾಕಿ ವಾರಸುದಾರರಿಗೆ ಹೋಗಬೇಕು. "ಶೇವಂತಿ ಹೆಸರಿಗೆ ಮನಿ ಆರ್ಡರ್ ಬರಿ," ಎಂದ. ಬರೆಯಲು ಕೂತೆ. ಅಪ್ಪ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಆ ಸಾಲಿಗೆ ಬಂದು ತಡೆದ.

"ಪಾಪ, ಭಾಳ ಚಲೋ ಹೆಣ್ಮಗಳು. ಒಂದ ಸಲ ಅಷ್ಟ ಸುಳ್ಳ ಹೇಳಿದ್ಲು," ಎಂದ.

ನಾನು ಪೆನ್ನು ಕೆಳಗಿಟ್ಟು ಹೇಳಿಬಿಟ್ಟೆ. ಗಾಗಲ್ಲು, ಸೋಡಾ, ಗೋದಲಿಯ ಗೋಡೆ, ಎಲ್ಲ. ಅಪ್ಪ ಬೈಯಲಿಲ್ಲ. ಭೂತಗನ್ನಡಿ ತೆಗೆದು, "ಕಾಲ ತೋರಿಸು," ಎಂದ. ಅರವತ್ತು ದಾಟಿದ ಹವಾಲ್ದಾರ ಮೊಣಕಾಲೂರಿ, ಮದುವೆಯಾದ ಮಗನ ಹೆಬ್ಬೆರಳಿಗೆ ಭೂತಗನ್ನಡಿ ಹಿಡಿದು, ಒಮ್ಮೆ ಅದನ್ನು, ಒಮ್ಮೆ ರಿಜಿಸ್ಟರನ್ನು ನೋಡಿದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಮುಳ್ಳ ನಟ್ಟೈತೇನ್ರಿ?" ಎಂದಳು. ಅಪ್ಪ ಎದ್ದು ಕೂತು, ಕೆಂಪು ಶಾಯಿಯಲ್ಲಿ ಆ ಸಾಲಿನ ಮೇಲೆ ಒಂದೇ ಗೆರೆ ಎಳೆದ. ಗೆರೆ ಸೊಟ್ಟ ಹೋಯಿತು. ಪಕ್ಕದಲ್ಲಿ ಏನೋ ಬರೆದು ರಿಜಿಸ್ಟರು ಮುಚ್ಚಿದ. "ತಿದ್ದಿದ್ದಕ್ಕ ರೊಕ್ಕದವರ ಸಹಿ ಬೇಕು. ಆಕಿ ಇಲ್ಲ. ವಾರಸುದಾರಳ ಸಹಿ ತರಬೇಕು. ನಡಿ," ಎಂದು ಪಲ್ಟನ್ನಿನ ಕೋಟು ಹಾಕಿಕೊಂಡ.

ಅಥಣಿಯಲ್ಲಿ ಶೇವಂತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಏಳನೆಯ ಇಯತ್ತೆಯವರೆಗೆ ಓದಿದವಳು. ಅಪ್ಪ ರಿಜಿಸ್ಟರು ಬಿಚ್ಚಿ ಸಹಿ ಹಾಕುವ ಜಾಗ ತೋರಿಸಿದ. ಅವಳು ಮೊದಲು ಓದಿದಳು.

"'ಬರಹದ ತಪ್ಪಿನಿಂದ ನಮೂದಾಗಿದ್ದು.' ಹಂಗಂದ್ರ ಏನ್ರಿ ಕಾಕಾ?"

ಅಪ್ಪ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದಿಟ್ಟ.

"ನಮ್ಮವ್ವ ತೊಟ್ಟಿಲದಾಗ ಬೀಗರ ಮುಂದ ತಲಿ ತಗ್ಗಿಸಿ ಕುಂತಿದ್ದು ಬರಹದ ತಪ್ಪೇನ್ರಿ? ನನಗ ಎಲ್ಲಾ ಹೇಳ್ಯಾಳಾಕಿ. ನೀವು ನಮ್ಮವ್ವನ ಹೆಸರಿಗೆ ಇಷ್ಟ ದೊಡ್ಡ ಸುಳ್ಳ ಬರದ್ರಿ, ಮಗನ ಹೆಸರಿಗೆ ಖರೇ ಬರ್ಯಾಕ ಕೈ ಬರಲಿಲ್ಲೇನ್ರಿ?"

ಹದಿನೆಂಟು ವರ್ಷದಲ್ಲಿ ಒಂದು ಸಾಲೂ ತಪ್ಪು ಬರೆಯದ ಮನುಷ್ಯ ನನ್ನ ಸಲುವಾಗಿ ಬರೆದಿದ್ದ. ಪೆನ್ನು ನಾನೇ ತಗೊಂಡೆ. 'ಈ ರೊಕ್ಕ ತಂಗೆವ್ವ ತಗೊಂಡಿಲ್ಲ. ನಾನು ಕದ್ದಿದ್ದೇನೆ. ಗುರುತು ನನ್ನ ಎಡಗಾಲಿನ ಹೆಬ್ಬೆರಳಿನದು. ಆಕೆ ತನ್ನದೆಂದು ಹೇಳಿದ್ದು ನನ್ನನ್ನು ಉಳಿಸಲು' ಎಂದು ಬರೆದೆ. ಶೇವಂತಿ ಎರಡು ಸಲ ಓದಿ ಸಹಿ ಮಾಡಿದಳು. ರಿಜಿಸ್ಟರನ್ನು ನನ್ನ ಕೈಗೆ ಕೊಡುತ್ತ, "ಇದು ಇಲ್ಲೆ ನಮಗ ಗೊತ್ತಿದ್ದ ಸುದ್ದಿ. ಅವ್ವನ್ನ ಸುಳ್ಳಾಕಿ ಅಂದಾವರು ನಿಮ್ಮೂರವರು. ಅಲ್ಲಿ ಓದ್ರಿ," ಎಂದಳು.

ಮರುದಿನ ಮುಂಜಾನೆ ನಾನು ನಮ್ಮೂರಿನ ಹಾಲಿನ ಡೇರಿಯ ಮುಂದೆ ನಿಂತೆ. ಇಡೀ ಊರು ಕ್ಯಾನು, ಚರಿಗೆ ಹಿಡಿದುಕೊಂಡು ಅಲ್ಲಿಗೆ ಬರುತ್ತದೆ. ರಿಜಿಸ್ಟರು ಬಿಚ್ಚಿ ಓದಿದೆ. ಮುಂದಿದ್ದ ಇಬ್ಬರು ಮೂವರು ಹತ್ತಿರ ಸರಿದರು. ಒಬ್ಬ, "ಕಾಲಿನ ಬೆರಳ?" ಎಂದು ಕಿಸಕ್ಕನೆ ನಕ್ಕ. ಉದ್ರಿ ಕೊಡದಿದ್ದ ಅಂಗಡಿಯವ ಚರಿಗೆ ಕೆಳಗಿಟ್ಟು ಟೊಪಿಗೆ ತೆಗೆದ. ನಾನು ಬೇಗ ಬೇಗ ಮುಗಿಸಿ ರಿಜಿಸ್ಟರು ಮುಚ್ಚಲು ಹೋದೆ. ಸಾಲಿನ ಕೊನೆಗೆ, ತಂಗೆವ್ವ ನಿಲ್ಲುತ್ತಿದ್ದಂತೆ ನೆಟ್ಟಗೆ, ಅಪ್ಪ ನಿಂತಿದ್ದ.

"ಹಿಂದಿನಾವ್ರಿಗೆ ಕೇಳಸವಲ್ದು," ಎಂದು ಕೂಗಿದ. "ಮತ್ತ ಮೊದಲಿಂದ ಓದು."

ನಾನು ಮೊದಲಿನಿಂದ ಓದಿದೆ.